ಒಂದು ಮೂಗುತಿಯ ನಿಮಿತ್ತ: ವಜ್ರದ ಗುಣ, ದರ್ಜೆ ಮತ್ತು ಬೆಲೆ

ಕಳೆದ ಮಾಘಮಾಸದಲ್ಲಿ ಒಂದು ಲಗ್ನದ ಮಾತುಕತೆಯ ನಿಮಿತ್ತ ನಾವು ಸಾಸ್ತೂರಿಗೆ ಹೋಗಿದ್ದೆವು. ಊಟವಾದ ಮೇಲೆ ಹುಡುಗಿಯ ಅಜ್ಜಿ ಒಳಗಿನಿಂದ ಒಂದು ಚಿಕ್ಕ ಹಿತ್ತಾಳೆಯ ಭರಣಿಯನ್ನು ತಂದು, ಅದರಲ್ಲಿದ್ದ ಅರಿವೆಯ ಗಂಟನ್ನು ಬಿಚ್ಚಿ, ನಮ್ಮ ಅಂಗೈಯ ಮೇಲೆ ಒಂದು ಮೂಗುತಿಯನ್ನು ಇಟ್ಟರು. ಒಂದೇ ಹರಳಿನ ಹಳೆಯ ಮೂಗುತಿ ಅದು. ಬಂಗಾರ ಸವೆದಿತ್ತು. ಹರಳಿನಲ್ಲಿ ತುಸು ಹಳದಿಯ ಛಾಯೆ ಇತ್ತು; ಒಂದು ಅಂಚು ಉಗುರಿಗೆ ತಾಗುವಂತೆ ಮುರಿದಿತ್ತು.

"ಅಣ್ಣಾ, ನೀವು ನಾಕ ಅಕ್ಷರ ಓದಿದವರು. ಇದರಾಗ ಏನ ಕಡಿಮಿ ಅದ, ನೋಡಿ ಹೇಳ್ರಿ" ಎಂದರು.

ಆ ಮೂಗುತಿ ಅವರ ಅತ್ತೆಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿ-ಸಾಸ್ತೂರಿನ ನೆಲ ನಡುಗಿದ್ದನ್ನು ನಮ್ಮ ವಾಚಕರಿಗೆ ಹೇಳಬೇಕಾದ ಅಗತ್ಯವಿಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಕುಸಿದಾಗ ಅದರ ಕೆಳಗೆ ಉಳಿದವರು ವಿರಳ. ಸುಮಾರು ಹತ್ತು ಸಾವಿರ ಜನ ಮಡಿದ ಆ ದುರಂತದಲ್ಲಿ ಈ ಮನೆಯ ಹಿರಿಯಳೂ ಹೋದಳು. ನಾಲ್ಕನೆಯ ದಿನ ಮಣ್ಣು ತೆಗೆಯುವಾಗ, ಒಡೆದ ಪೆಟ್ಟಿಗೆಯ ಮೂಲೆಯಲ್ಲಿ ಇದೊಂದು ಸಿಕ್ಕಿತು. ಆ ಮನೆಯಿಂದ ಈ ಮನೆಗೆ ಬಂದ ಒಡವೆ ಇಷ್ಟೇ.

ಮೊಮ್ಮಗಳ ಲಗ್ನಕ್ಕೆಂದು ಮನೆಯವರು ಅದನ್ನು ನಗರದ ಒಂದು ದೊಡ್ಡ ಅಂಗಡಿಗೆ ಒಯ್ದಿದ್ದರು. ಅಲ್ಲಿಯವರು ಭೂತಗನ್ನಡಿ ಹಿಡಿದು ನೋಡಿ, "ಬಣ್ಣ ಕಡಿಮೆ, ಸಾಣೆ ಹಳೆಯದು, ಅಂಚು ಮುರಿದಿದೆ, ಪ್ರಮಾಣಪತ್ರವೂ ಇಲ್ಲ, ಬಂಗಾರದ ತೂಕಕ್ಕೆ ಮಾತ್ರ ಹಿಡಿದುಕೊಳ್ಳುತ್ತೇವೆ" ಎಂದು ಹೇಳಿ, ಅದರ ಬದಲಿಗೆ ಪ್ರಮಾಣಪತ್ರ ಸಹಿತವಾದ ಹೊಸ ಹರಳಿನ ಉಂಗುರವನ್ನೂ ಓಲೆಗಳನ್ನೂ ತೋರಿಸಿದ್ದರು. ಸೋಯಾಬೀನಿನ ಹಣದಲ್ಲಿ ಮುಂಗಡ ಕೊಟ್ಟೂ ಆಗಿತ್ತು. ಆ ಪ್ರಮಾಣಪತ್ರದ ನಕಲನ್ನೂ ನಮ್ಮ ಮುಂದೆ ಇಟ್ಟರು. ಅದು ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಯಾರೂ ಅದನ್ನು ಪೂರ್ತಿ ಓದಿರಲಿಲ್ಲ. ಅದರಲ್ಲೇನಿತ್ತೆಂಬುದನ್ನು ಮುಂದೆ ಹೇಳುತ್ತೇವೆ. ಮೊದಲು, ವಜ್ರದಲ್ಲಿ ಹೆಚ್ಚು ಯಾವುದು, ಕಡಿಮೆ ಯಾವುದು, ಅದನ್ನು ಅಳೆಯುವವರು ಹೇಗೆ ಅಳೆಯುತ್ತಾರೆ ಎಂಬುದನ್ನು ತಿಳಿಯಬೇಕು.

ವಜ್ರವೆಂಬುದು ಇದ್ದಿಲಿನ ಅಣ್ಣತಮ್ಮ. ಎರಡೂ ಇಂಗಾಲವೇ. ಭೂಮಿಯ ಒಳಗೆ 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಅಪಾರ ಒತ್ತಡ ಮತ್ತು ಕಾವಿನಲ್ಲಿ ಹರಳುಗಟ್ಟಿ, ಪುರಾತನ ಜ್ವಾಲಾಮುಖಿಯ ಕೊಳವೆಗಳ ಮೂಲಕ ಮೇಲೆ ಬಂದದ್ದು. ಅದಕ್ಕಿಂತ ಗಡಸಾದ ನೈಸರ್ಗಿಕ ಹರಳು ಬೇರೆ ಇಲ್ಲ. ವಜ್ರವನ್ನು ಗೀರಬೇಕಾದರೆ ವಜ್ರವೇ ಬೇಕು. ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಗೀರು ಬೀಳುವುದಿಲ್ಲವೆಂದರೆ ಒಡೆಯುವುದಿಲ್ಲವೆಂದು ಅರ್ಥವಲ್ಲ. ಕಟ್ಟಿಗೆ ತನ್ನ ಎಳೆಯ ಗುಂಟ ಸೀಳುವಂತೆ ವಜ್ರವೂ ನಾಲ್ಕು ದಿಕ್ಕುಗಳಲ್ಲಿ ಸೀಳುತ್ತದೆ. ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೂ ಒಡೆಯದಿದ್ದರೆ ಮಾತ್ರ ವಜ್ರ ಎಂಬ ಹಳೆಯ ಪರೀಕ್ಷೆಯಲ್ಲಿ ಎಷ್ಟು ನಿಜವಾದ ಹರಳುಗಳು ಪುಡಿಯಾಗಿ ಹೋದವೋ ಬಲ್ಲವರಾರು! ಮಾಳಿಗೆಯ ಕೆಳಗೆ ಸಿಕ್ಕಿದ ಮೂಗುತಿಯ ಅಂಚು ಮುರಿದದ್ದು ಅದು ಖೊಟ್ಟಿ ಎಂಬುದಕ್ಕೆ ಸಾಕ್ಷಿಯಲ್ಲ.

ಹರಳನ್ನು ಪರೀಕ್ಷಿಸಿ ದರ್ಜೆ ಕಟ್ಟುವ ವಿದ್ಯೆ ಅಮೇರಿಕೆಯಿಂದ ಬಂದದ್ದೆಂದು ಅಂಗಡಿಗಳಲ್ಲಿ ಕೂತವರು ತಿಳಿದಂತಿದೆ. ಉಮರ್ಗಾದಿಂದ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯನ್ನು ಹಿಡಿದು ಮೂಡಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಬಸವಕಲ್ಯಾಣದ ದಾರಿ ಕೂಡುತ್ತದೆ. ಅದೇ ಕಲ್ಯಾಣದಲ್ಲಿ 1126ರಿಂದ 1138ರ ವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಕೃತಿಯಲ್ಲಿ ಅಡುಗೆಯಿಂದ ಆನೆಯ ವರೆಗೆ ಎಲ್ಲವೂ ಇದೆ. ರಾಜ್ಯದ ಬೊಕ್ಕಸವನ್ನು ಕುರಿತು ಹೇಳುವಲ್ಲಿ ಅವನು ರತ್ನಪರೀಕ್ಷೆಯನ್ನು ಸೇರಿಸಿದ್ದಾನೆ. ವಜ್ರ, ಮುತ್ತು, ಮಾಣಿಕ್ಯ, ನೀಲ, ಪಚ್ಚೆಗಳ ಗುಣದೋಷಗಳ ವಿಚಾರ ಅಲ್ಲಿದೆ. ನಮ್ಮ ಗಡಿಯ ಊರುಗಳೆಲ್ಲ ಅಂದು ಅವನ ರಾಜಧಾನಿಯ ನೆರೆಹೊರೆಯೇ ಆಗಿದ್ದವು.

ಅವನಿಗೂ ಆರು ಶತಮಾನಗಳ ಹಿಂದೆ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಒಂದು ಅಧ್ಯಾಯವನ್ನೇ ವಜ್ರಕ್ಕೆ ಮೀಸಲಿಟ್ಟಿದ್ದನು. ಎಂಟು ಬಿಳಿ ಸಾಸಿವೆ ಕಾಳಿಗೆ ಒಂದು ಅಕ್ಕಿಯ ಕಾಳು. ಇಪ್ಪತ್ತು ಅಕ್ಕಿಕಾಳು ತೂಗುವ ನಿರ್ದೋಷವಾದ ವಜ್ರಕ್ಕೆ ಎರಡು ಲಕ್ಷ. ತೂಕ ಇಳಿದಂತೆ ಬೆಲೆ ಇಂತಿಷ್ಟು ಇಳಿಯಬೇಕು ಎಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ದೋಷಗಳ ಹೆಸರುಗಳಂತೂ ಸೊಗಸಾಗಿವೆ: ಕಾಗೆಯ ಕಾಲಿನಂತೆ ಕಾಣುವ ಬಿರುಕಿಗೆ ಕಾಕಪದ, ನೊಣದಂಥ ಕಲೆಗೆ ಮಕ್ಷಿಕಾ, ಕೂದಲಿನಂಥ ಗೆರೆಗೆ ಕೇಶ, ಮರಳಿನ ಕಣಕ್ಕೆ ಶರ್ಕರ. ಇಂದಿನ ಪ್ರಯೋಗಾಲಯದ ಹಾಳೆಯಲ್ಲಿ ಕೆಂಪು-ಹಸಿರು ಗುರುತುಗಳಿಂದ ತೋರಿಸುವ ದೋಷಗಳು ಬಹುಮಟ್ಟಿಗೆ ಇವೇ. ಆದರೆ ಪುರಾತನರು ಹೇಳಿದ್ದೆಲ್ಲವೂ ಸರಿಯೆಂದು ನಾವು ವಾದಿಸುವುದಿಲ್ಲ. ಒಳ್ಳೆಯ ವಜ್ರ ನೀರಿನಲ್ಲಿ ತೇಲುತ್ತದೆಂದು ಅದೇ ಅಧ್ಯಾಯದಲ್ಲಿದೆ. ನೀರಿಗಿಂತ ಮೂರೂವರೆ ಪಟ್ಟು ಭಾರವಾದ ವಜ್ರ ಎಂದೂ ತೇಲದು. ಬಣ್ಣದ ಮೇಲಿಂದ ಹರಳುಗಳಿಗೂ ನಾಲ್ಕು ವರ್ಣಗಳನ್ನು ಹಂಚಿ, ಯಾವ ಜಾತಿಯವರು ಯಾವ ಬಣ್ಣದ್ದನ್ನು ಧರಿಸಬೇಕೆಂದೂ ವಿಧಿಸಲಾಗಿತ್ತು. ಸೋಮೇಶ್ವರನು ತೀರಿಕೊಂಡು ಎರಡು-ಮೂರು ದಶಕಗಳೊಳಗೆ ಅದೇ ಕಲ್ಯಾಣದ ಶರಣರು ಮನುಷ್ಯರ ನಡುವಿನ ವರ್ಣಗಳನ್ನೇ ಪ್ರಶ್ನಿಸಿದರು. ಇರಲಿ, ಅದು ಬೇರೆ ಲೇಖನದ ವಿಷಯ.

ಪುಸ್ತಕದ ವಿದ್ಯೆ ಹೀಗಿದ್ದರೆ ಪೇಟೆಯ ವಿದ್ಯೆ ಹೇಗಿತ್ತು? 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಝಾಕನು ರತ್ನಪಡಿ ವ್ಯಾಪಾರಿಗಳು ಬಯಲು ಪೇಟೆಯಲ್ಲಿಯೇ ಮಾಣಿಕ್ಯ, ಮುತ್ತು, ವಜ್ರಗಳನ್ನು ಮಾರುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಮುಂದಿನ ಶತಮಾನದ ಪೋರ್ತುಗೀಜ ನುನಿಜ್‌ನ ಬರಹದಲ್ಲಿ, ಗಣಿಯ ಗುತ್ತಿಗೆದಾರನು ನಿಗದಿಯಾದ ತೂಕವನ್ನು, ಎಂದರೆ 20 ಮಂಗೆಲಿಯನ್ನು, ಮೀರಿದ ವಜ್ರಗಳನ್ನೆಲ್ಲ ಅರಸನ ಬೊಕ್ಕಸಕ್ಕೆ ಒಪ್ಪಿಸಬೇಕೆಂಬ ಕರಾರಿನ ಉಲ್ಲೇಖವಿದೆ. ಅಂದು ಆ ರಾಜ್ಯಕ್ಕೆ ಸೇರಿದ್ದ, ಇಂದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿರುವ ವಜ್ರಕರೂರಿನ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನ ಇಂದಿಗೂ ತಲೆಬಗ್ಗಿಸಿ ಹರಳು ಹುಡುಕುತ್ತಾರೆ.

ಎಲ್ಲಕ್ಕಿಂತ ರಸವತ್ತಾದ ವರ್ಣನೆ ಫ್ರಾನ್ಸಿನ ರತ್ನವ್ಯಾಪಾರಿ ತಾವೆರ್ನಿಯೆಯದು. ಹದಿನೇಳನೆಯ ಶತಮಾನದಲ್ಲಿ ಆರು ಸಲ ಪೂರ್ವದೇಶಗಳಿಗೆ ಬಂದು, 1676ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಈತ, ಬಿಜಾಪುರದಿಂದ ಎಂಟೊಂಬತ್ತು ದಿನಗಳ ದಾರಿಯಾಗಿದ್ದ ರಾವಲಕೊಂಡದ ಗಣಿಗಳನ್ನು ಸ್ವತಃ ನೋಡಿದ್ದನು. ಕರ್ನೂಲು ಜಿಲ್ಲೆಯ ರಾಮಳ್ಳಕೋಟೆಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಹತ್ತರಿಂದ ಹದಿನೈದು-ಹದಿನಾರು ವರ್ಷದ ವ್ಯಾಪಾರಿಗಳ ಮಕ್ಕಳು ಪ್ರತಿದಿನ ಮುಂಜಾನೆ ಊರ ನಡುವಿನ ದೊಡ್ಡ ಮರದ ಕೆಳಗೆ ಬಂದು ಕೂಡುತ್ತಿದ್ದರಂತೆ. ಒಂದು ಬದಿಗೆ ತೂಕದ ಕಲ್ಲುಗಳ ಚೀಲ, ಇನ್ನೊಂದು ಬದಿಗೆ ಹೊನ್ನಿನ ಚೀಲ. ಯಾರಾದರೂ ಹರಳು ತಂದರೆ ಹಿರಿಯ ಹುಡುಗನ ಕೈಗೆ ಕೊಡುವರು; ಅವನು ನೋಡಿ ಮುಂದಿನವನ ಕೈಗೆ; ಹೀಗೆ ಒಬ್ಬರೂ ತುಟಿಪಿಟಕ್ಕೆನ್ನದೆ ಅದು ಎಲ್ಲರ ಕೈ ದಾಟಿ ಮರಳಿ ಹಿರಿಯನಿಗೆ ಬರುವುದು. ಆಮೇಲೆ ಬೆಲೆಯ ಮಾತು. ಸಂಜೆ ಆ ದಿನದ ಖರೀದಿಯನ್ನೆಲ್ಲ ರಾಶಿ ಹಾಕಿ, ನೀರು, ತೂಕ, ಸ್ವಚ್ಛತೆಗಳ ಪ್ರಕಾರ ಬೇರೆ ಬೇರೆ ಮಾಡಿ, ದೊಡ್ಡ ವ್ಯಾಪಾರಿಗಳಿಗೆ ಮಾರಿ ಲಾಭ ಹಂಚಿಕೊಳ್ಳುತ್ತಿದ್ದರು. ನಾಲ್ಕನೆಯ ಇಯತ್ತೆ ಓದುವ ವಯಸ್ಸಿನ ಮಕ್ಕಳು ಇಂದಿನ ಪ್ರಯೋಗಾಲಯದ ಕೆಲಸವನ್ನೇ ಬರಿಗಣ್ಣಿನಿಂದ ಮಾಡುತ್ತಿದ್ದರೆಂದರೆ ಆ ಕಣ್ಣುಗಳು ಎಷ್ಟು ಪಳಗಿರಬೇಕು!

ದೊಡ್ಡವರ ವ್ಯಾಪಾರ ಇನ್ನೂ ಮೌನವಾದದ್ದು. ಕೊಳ್ಳುವವನೂ ಮಾರುವವನೂ ಎದುರುಬದುರು ಕುಳಿತು, ಸೊಂಟದ ವಸ್ತ್ರದ ಅಡಿಯಲ್ಲಿ ಕೈ ಹಿಡಿದು ಬೆಲೆ ಹೇಳುವರು: ಪೂರ್ಣ ಕೈ ಹಿಡಿದರೆ ಸಾವಿರ, ಐದು ಬೆರಳಿಗೆ ಐನೂರು, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು. ನಮ್ಮ ದನದ ಸಂತೆಗಳಲ್ಲಿ ದಲಾಲರು ಟವೆಲ್ಲಿನ ಅಡಿ ಬೆರಳು ಹಿಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಾವೆರ್ನಿಯೆ ಹೇಳುವ ಇನ್ನೆರಡು ಸಂಗತಿಗಳು ನಮ್ಮ ಮೂಗುತಿಯ ಮಟ್ಟಿಗೆ ಮುಖ್ಯವಾದವು. ಯುರೋಪಿನವರು ಹರಳನ್ನು ಹಗಲಿನ ಬೆಳಕಿನಲ್ಲಿ ನೋಡುತ್ತಿದ್ದರೆ ನಮ್ಮವರು ರಾತ್ರಿ, ಗೋಡೆಯ ಚೌಕ ಗೂಡಿನಲ್ಲಿ ದಪ್ಪ ಬತ್ತಿಯ ದೀಪವನ್ನಿಟ್ಟು, ಅದರ ಬೆಳಕಿನಲ್ಲಿ ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದರು. ನೀಲಿಯ ಛಾಯೆ ಇದೆಯೋ ಎಂದು ತಿಳಿಯಬೇಕಾದರೆ ಎಲೆ ತುಂಬಿದ ಮರದ ಹಸಿರು ನೆರಳಿಗೆ ಒಯ್ಯುತ್ತಿದ್ದರು. ಎರಡನೆಯದಾಗಿ, ಹರಳು ಸ್ವಚ್ಛವಾಗಿದ್ದರೆ ನಮ್ಮ ಸಾಣೆಯವರು ತೂಕ ಕಳೆಯಬಾರದೆಂದು ಅದನ್ನು ಮೇಲೂ ಕೆಳಗೂ ತುಸುವೇ ಸಾಣೆಗೆ ಮುಟ್ಟಿಸಿ ಬಿಡುತ್ತಿದ್ದರು. ದೋಷವಿದ್ದರೆ ಮಾತ್ರ ಅದನ್ನು ಮರೆಮಾಡಲು ತುಂಬ ಮುಖಗಳನ್ನು ಕೊಯ್ಯುತ್ತಿದ್ದರು. ನಮ್ಮವರಿಗೆ ತೂಕ ಪ್ರಧಾನ, ಪಶ್ಚಿಮದವರಿಗೆ ಮಿಂಚು ಪ್ರಧಾನ. ಸುಮಾರು 186 ಕ್ಯಾರೆಟ್ ಇದ್ದ ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಸಾಣೆ ಹಿಡಿದು 105.6 ಕ್ಯಾರೆಟ್ಟಿಗೆ ಇಳಿಸಿದ್ದು ಈ ಎರಡು ದೃಷ್ಟಿಗಳ ಜಗಳದ ದೊಡ್ಡ ಉದಾಹರಣೆ.

ಈಗ ಇಂದಿನ ದರ್ಜೆಗೆ ಬರೋಣ. 1931ರಲ್ಲಿ ಸ್ಥಾಪಿತವಾದ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೇರಿಕಾ ಎಂಬ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ ಪದ್ಧತಿಯನ್ನೇ ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳು ಅನುಸರಿಸುತ್ತವೆ. ತೂಕ, ಬಣ್ಣ, ಸ್ವಚ್ಛತೆ, ಸಾಣೆ ಎಂಬ ನಾಲ್ಕನ್ನು ಅದು ಅಳೆಯುತ್ತದೆ.

ತೂಕದ ಮಾತು ಸುಲಭ. ನಮ್ಮ ಪತ್ತಾರರಿಗೆ ಗುಲಗಂಜಿ ಹೇಗೋ ಪಶ್ಚಿಮದವರಿಗೆ ಕ್ಯಾರಬ್ ಎಂಬ ಮರದ ಬೀಜ ಹಾಗೆ. ಕ್ಯಾರೆಟ್ ಎಂಬ ಹೆಸರು ಬಂದದ್ದು ಅದರಿಂದ. 1907ರಲ್ಲಿ ಅದನ್ನು 200 ಮಿಲಿಗ್ರಾಮಿಗೆ ಗೊತ್ತುಮಾಡಿದರು. ಒಂದು ಗ್ರಾಮಿಗೆ ಐದು ಕ್ಯಾರೆಟ್. ಕ್ಯಾರೆಟ್ಟಿನ ನೂರನೆಯ ಭಾಗಕ್ಕೆ ನಮ್ಮ ಪೇಟೆಯಲ್ಲಿ ಸೆಂಟು ಎನ್ನುತ್ತಾರೆ. ಬಂಗಾರದ 22 ಕ್ಯಾರೆಟ್ ಶುದ್ಧತೆಯ ಅಳತೆ, ವಜ್ರದ ಕ್ಯಾರೆಟ್ ತೂಕದ ಅಳತೆ; ಇವೆರಡನ್ನು ಬೆರೆಸಿ ಮೋಸಹೋದವರನ್ನು ನಾವು ಬಲ್ಲೆವು. ಒಂದು ಕ್ಯಾರೆಟ್ಟಿನ ಒಂದು ಹರಳಿನ ಬೆಲೆ ಅರ್ಧ ಕ್ಯಾರೆಟ್ಟಿನ ಎರಡು ಹರಳುಗಳ ಬೆಲೆಗಿಂತ ಬಹಳ ಹೆಚ್ಚು. "ಒಟ್ಟು ಒಂದು ಕ್ಯಾರೆಟ್" ಎಂದು ಹತ್ತಿಪ್ಪತ್ತು ಚೂರುಗಳ ಓಲೆಯನ್ನು ತೋರಿಸಿದಾಗ ಇದು ನೆನಪಿರಬೇಕು.

ಬಣ್ಣದ ದರ್ಜೆ ‘ಡಿ’ ಅಕ್ಷರದಿಂದ ಆರಂಭವಾಗಿ ‘ಝಡ್’ ವರೆಗೆ ಹೋಗುತ್ತದೆ. ‘ಎ’ಯಿಂದ ಏಕಲ್ಲ? ಹಿಂದಿನ ವ್ಯಾಪಾರಿಗಳು ಮನಬಂದಂತೆ ‘ಎ’, ‘ಎಎ’, ‘ಬಿ’ ಎಂದು ಬರೆದುಕೊಳ್ಳುತ್ತಿದ್ದುದರಿಂದ, ಆ ಗೊಂದಲ ಸೋಕದ ಅಕ್ಷರ ಬೇಕಾಯಿತು. ಡಿ, ಇ, ಎಫ್ ಎಂದರೆ ಬಣ್ಣವೇ ಇಲ್ಲದ್ದು; ಜಿಯಿಂದ ಜೆ ವರೆಗೆ ಬಹುತೇಕ ಇಲ್ಲದ್ದು; ಕೆ, ಎಲ್, ಎಂ ನಸು ಹಳದಿ; ಮುಂದೆ ಹಳದಿ ಏರುತ್ತದೆ. ಹರಳಿನಲ್ಲಿ ಸೇರಿದ ಸಾರಜನಕವೇ ಸಾಮಾನ್ಯವಾಗಿ ಇದಕ್ಕೆ ಕಾರಣ. ‘ಝಡ್’ ದಾಟಿ ಗಾಢ ಹಳದಿಯಾದರೆ ಅದನ್ನು ಬಣ್ಣದ ವಜ್ರವೆಂದು ಕರೆದು ಬೆಲೆ ಮತ್ತೆ ಏರಿಸುತ್ತಾರೆ! ಪರೀಕ್ಷಕರು ಹರಳನ್ನು ಬೋರಲು ಮಲಗಿಸಿ, ಬಿಳಿಯ ಹಿನ್ನೆಲೆಯಲ್ಲಿ, ಮಾದರಿಯ ಹರಳುಗಳ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಜಿಗೂ ಎಚ್‌ಗೂ ಇರುವ ಭೇದ ಮೂಗಿನ ಮೇಲೆ ಯಾರ ಕಣ್ಣಿಗೂ ಕಾಣದು. ಕಾಣುವುದು ಬಿಲ್ಲಿನಲ್ಲಿ ಮಾತ್ರ.

ಸ್ವಚ್ಛತೆಯನ್ನು ಹತ್ತು ಪಟ್ಟು ಹಿಗ್ಗಿಸುವ ಕನ್ನಡಿಯಿಂದ ನೋಡುತ್ತಾರೆ. ದೋಷವೇ ಕಾಣದ್ದರಿಂದ ಹಿಡಿದು ಬರಿಗಣ್ಣಿಗೇ ಕಾಣುವಷ್ಟು ದೋಷವಿರುವುದರ ವರೆಗೆ ಹನ್ನೊಂದು ಮೆಟ್ಟಿಲುಗಳಿವೆ. ವಿವಿಎಸ್, ವಿಎಸ್, ಎಸ್‌ಐ, ಐ ಎಂಬ ಅಕ್ಷರಗಳು ಇಳಿಮುಖವಾದ ಕ್ರಮವನ್ನು ಸೂಚಿಸುತ್ತವೆ. ಮನೆಬಳಕೆಯ ಒಡವೆಗೆ ವಿಎಸ್ ಅಥವಾ ಒಳ್ಳೆಯ ಎಸ್‌ಐ ಸಾಕು; ಅದಕ್ಕಿಂತ ಮೇಲಿನದಕ್ಕೆ ಕೊಡುವ ಹಣ ಭೂತಗನ್ನಡಿಗೆ ಕೊಟ್ಟ ಹಣವೆಂದೇ ನಮ್ಮ ಅಭಿಪ್ರಾಯ.

ಸಾಣೆಯದೇ ನಿಜವಾದ ವಿದ್ಯೆ, ಏಕೆಂದರೆ ಉಳಿದ ಮೂರು ನೆಲದಿಂದ ಬಂದದ್ದು, ಇದೊಂದೇ ಮನುಷ್ಯನ ಕೈಯಿಂದ ಬಂದದ್ದು. ವಜ್ರದೊಳಗೆ ಹೊಕ್ಕ ಬೆಳಕು ತಳದ ಇಳಿಜಾರು ಮುಖಗಳಿಗೆ ತಾಗಿ ಮರಳಿ ಮೇಲಕ್ಕೆ ಬರಬೇಕು. ತಳ ತೀರ ಆಳವಾದರೂ ತೀರ ತೆಳುವಾದರೂ ಬೆಳಕು ಅಡಿಯಿಂದಲೋ ಬದಿಯಿಂದಲೋ ಸೋರಿಹೋಗಿ ಹರಳು ಮಂಕಾಗುತ್ತದೆ. ಈ ಕೋನಗಳ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬಾತ 1919ರಲ್ಲಿ ಗಣಿತದಿಂದ ಬಿಡಿಸಿ ತೋರಿಸಿದನು. ಇಂದಿನ ದುಂಡು ಹರಳಿಗೆ 57 ಅಥವಾ 58 ಮುಖಗಳು. ಒಂದೇ ತೂಕದ ಎರಡು ಹರಳುಗಳಲ್ಲಿ ಸಾಣೆ ಚೆನ್ನಾಗಿರುವುದು ದೊಡ್ಡದಾಗಿಯೂ ಬೆಳ್ಳಗಾಗಿಯೂ ಕಾಣುವುದುಂಟು. ಕೊಳ್ಳುವವರು ಮೊದಲು ಕೇಳಬೇಕಾದದ್ದನ್ನು ನಮ್ಮಲ್ಲಿ ಕೊನೆಗೆ ಕೇಳುತ್ತಾರೆ.

ಹಳೆಯ ಕಾಲದ ಸಾಣೆಯಾದರೋ ದೀಪದ ಬೆಳಕಿಗೆಂದೇ ಇದ್ದದ್ದು. ಅಂದು ಸಂಜೆ ಸಾಸ್ತೂರಿನಲ್ಲಿ ವಿದ್ಯುತ್ತು ಹೋಯಿತು. ದೇವರ ಮುಂದಿನ ದೀಪದ ಎದುರಿಗೆ ಮೂಗುತಿಯನ್ನು ಹಿಡಿದಾಗ, ಅಂಗಡಿಯ ಬಿಳಿ ಬೆಳಕಿನಲ್ಲಿ ಮಂಕಾಗಿತ್ತೆಂದು ಹೇಳಿದ ಅದೇ ಹರಳು ಅಗಲವಾದ ಕೆಂಪು, ನೀಲಿ ಕಿಡಿಗಳನ್ನು ಎಸೆಯಿತು. ಹುಡುಗಿ "ಆಯೀ, ಇಲ್ಲಿ ನೋಡು" ಎಂದು ಅಜ್ಜಿಯನ್ನು ಕರೆದಳು. ಮರುದಿನ ಹೊರಗಿನ ಬೇವಿನ ಮರದ ನೆರಳಿನಲ್ಲಿಯೂ ನೋಡಿದೆವು. ನೀಲಿಯ ಛಾಯೆ ಕಾಣಲಿಲ್ಲ. ಉಸಿರು ಊದಿದರೆ ಮಂಜು ಕ್ಷಣದಲ್ಲಿ ಆರಿತು. ವಜ್ರವು ಕಾವನ್ನು ಬೇಗ ಹರಿಯಬಿಡುವುದರಿಂದ ಹಾಗಾಗುತ್ತದೆ. ಇದು ಒಳ್ಳೆಯ ಸುಳಿವೇ ಹೊರತು ತೀರ್ಪಲ್ಲ. ‘ಅಮೇರಿಕನ್ ಡೈಮಂಡ್’ ಎಂದು ಜಾತ್ರೆಯಲ್ಲಿ ಮಾರುವ ಹರಳನ್ನು ಇದರಿಂದ ಬಹುಮಟ್ಟಿಗೆ ಬೇರೆ ಮಾಡಬಹುದು. ಮೊಯ್ಸನೈಟ್ ಎಂಬ ಇನ್ನೊಂದು ಕೃತಕ ಹರಳು ಸರಾಫರ ಕಾವಿನ ಯಂತ್ರವನ್ನೇ ವಂಚಿಸಬಲ್ಲದು.

ಇನ್ನು ಆ ಪ್ರಮಾಣಪತ್ರ. ಬಣ್ಣ ‘ಇ’, ಸ್ವಚ್ಛತೆ ವಿವಿಎಸ್, ಸಾಣೆ ಉತ್ಕೃಷ್ಟ; ಎಲ್ಲವೂ ನಿಜವೇ. ಮೇಲಿನ ಮೊದಲ ಸಾಲಿನಲ್ಲಿ, ಶೀರ್ಷಿಕೆಯ ಅಡಿಯಲ್ಲಿ, ಇದು ಪ್ರಯೋಗಾಲಯದಲ್ಲಿ ಬೆಳೆದ ವಜ್ರವೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಕೇಳದಿದ್ದುದನ್ನು ಹೇಳಿರಲಿಲ್ಲ, ಅಷ್ಟೆ. 1954ರಲ್ಲಿ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯಲ್ಲಿ ಸಾಧಿಸಿದ ಈ ವಿದ್ಯೆ ಇಂದು ಸುರತ್ತಿನ ವರೆಗೆ ಹಬ್ಬಿದೆ. ಅಂಥ ಹರಳು ಖೊಟ್ಟಿಯಲ್ಲ. ಅದೂ ಇಂಗಾಲ, ಅಷ್ಟೇ ಗಡಸು, ಅಷ್ಟೇ ಮಿಂಚು. ಬರಿಗಣ್ಣಿನಿಂದ ಪರೀಕ್ಷಕನೂ ಭೇದ ಹೇಳಲಾರ. ಆದರೆ ಕಾರಖಾನೆಯಲ್ಲಿ ಬೇಕಾದಷ್ಟು ಬೆಳೆಯಬಹುದಾದ್ದರಿಂದ ಅದರ ಬೆಲೆ ಈಚಿನ ವರ್ಷಗಳಲ್ಲಿ ಬಹಳ ಇಳಿದಿದೆ. ಮರಳಿ ಮಾರಹೋದರೆ ಕೊಳ್ಳುವವರು ಕಡಿಮೆ. ಅವುಗಳಲ್ಲಿ ಹೆಚ್ಚಿನವು ಮೇಲಿನ ದರ್ಜೆಗಳಲ್ಲಿಯೇ ಬರುವುದರಿಂದ, ಮೇಲೆ ಹೇಳಿದ ಅಮೇರಿಕೆಯ ಸಂಸ್ಥೆ 2025ರಲ್ಲಿ ಅವುಗಳಿಗೆ ಅಕ್ಷರದ ದರ್ಜೆಗಳನ್ನೇ ಬಿಟ್ಟು, ಎರಡೇ ವರ್ಗಗಳನ್ನು ಇಟ್ಟಿತು. ಉಡಲು ತೊಡಲು ಬೇಕೆಂದರೆ ಅದನ್ನು ಅದರ ಬೆಲೆಗೆ ಧಾರಾಳವಾಗಿ ಕೊಳ್ಳಬಹುದು. ಗಣಿಯ ವಜ್ರವೆಂದು ತಿಳಿದು, ಆಪತ್ತಿಗೆ ಆದೀತೆಂದು ಕೊಳ್ಳಬಾರದು. ಬಂಗಾರದ ಮೇಲಿನ ಹಾಲ್‌ಮಾರ್ಕು ಮತ್ತು ಆರು ಅಕ್ಷರ-ಅಂಕಿಗಳ ಗುರುತು ಬಂಗಾರಕ್ಕೆ ಮಾತ್ರ ಸಾಕ್ಷಿ. ಅದರಲ್ಲಿ ಕೂತ ಹರಳಿನ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಮನೆಯವರು ಎರಡು ದಿನ ಯೋಚಿಸಿದರು. ಹರಳನ್ನು ಬಂಗಾರದಿಂದ ಬಿಡಿಸಿ, ಒಬ್ಬ ಸಂಬಂಧಿಕರ ಕೈಯಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಕಳಿಸಿದೆವು, ಏಕೆಂದರೆ ಒಡವೆಯಲ್ಲಿ ಕೂತಿರುವಾಗ ತೂಕವನ್ನೂ ಬಣ್ಣವನ್ನೂ ಖಚಿತವಾಗಿ ಹೇಳಲಾಗದು. ತಿಂಗಳೊಳಗೆ ಹಾಳೆ ಬಂದಿತು: ನೈಸರ್ಗಿಕ ವಜ್ರ, 31 ಸೆಂಟು, ಬಣ್ಣ ಎಂ, ಸ್ವಚ್ಛತೆ ಎಸ್‌ಐ-2, ಹಳೆಯ ಪದ್ಧತಿಯ ಸಾಣೆ, ಅಂಚಿನಲ್ಲಿ ಮುಕ್ಕು. ಅಂಗಡಿಯವರು ಎಣಿಸಿದ ಕೊರತೆಗಳೆಲ್ಲ ಇದ್ದವು. ಹರಳಿಗೆ ಬೆಲೆಯಿಲ್ಲವೆಂಬ ತೀರ್ಮಾನವೊಂದೇ ಅವುಗಳಿಂದ ಹೊರಡುವಂಥದಾಗಿರಲಿಲ್ಲ. ದೊಡ್ಡ ಬೆಲೆಯದಲ್ಲವಾದರೂ ಬಂಗಾರದ ತೂಕದ ಜೊತೆಗೆ ಪುಕ್ಕಟೆ ಹೋಗುವ ಕಲ್ಲೂ ಅಲ್ಲ.

ಮುಂಗಡದ ಹಣಕ್ಕೆ ಅದೇ ಅಂಗಡಿಯಲ್ಲಿ ಹಾಲ್‌ಮಾರ್ಕಿನ ಬಂಗಾರದ ಬಿಲ್ವಾರಗಳನ್ನು ಕೊಂಡರು. "ಎಂ ಅಂದ್ರ ಎಷ್ಟನೇ ನಂಬರ್ ಆತು?" ಎಂದು ಅಜ್ಜಿ ಕೇಳಿದರು. ಡಿಯಿಂದ ಎಣಿಸಿದರೆ ಹತ್ತನೆಯದೆಂದೆವು. "ನಮ್ಮ ಅತ್ತಿ ಕೇಳಿದ್ರ ಬೈತಿದ್ದಳು" ಎಂದು ನಕ್ಕರು. ಪರಿಚಯದ ಪತ್ತಾರರು ಹೊಸ ಮೂಗುತಿಯನ್ನು ಮಾಡಿ, ಮುರಿದ ಅಂಚು ಬಂಗಾರದ ಕಾಲಿನ ಅಡಿಗೆ ಬರುವಂತೆಯೂ ಹಿಂಬದಿ ಬೆಳಕಿಗೆ ತೆರೆದಿರುವಂತೆಯೂ ಹರಳನ್ನು ಕೂರಿಸಿದರು. ವೈಶಾಖದಲ್ಲಿ ಲಗ್ನವಾಯಿತು. ಪ್ರಯೋಗಾಲಯದ ಹಾಳೆ ನಾಲ್ಕು ಮಡಿಕೆಯಾಗಿ ಅದೇ ಹಿತ್ತಾಳೆಯ ಭರಣಿಯಲ್ಲಿದೆ.